ಲಕ್ಕವಳ್ಳಿಯ ಭದ್ರಾ ಸಫಾರಿ: ಹೋಗುವ ಮುನ್ನ ಜಲಾಶಯದ ಮಟ್ಟ ನೋಡಿಕೊಳ್ಳಿ

ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಸೀಮೆಯ ಮನೆಗಳಲ್ಲಿ ದಿನಪತ್ರಿಕೆ ಬಂದ ಕೂಡಲೇ ಹಿರಿಯರ ಕಣ್ಣು ಹೋಗುವುದು ಜಲಾಶಯಗಳ ನೀರಿನ ಮಟ್ಟದ ಪಟ್ಟಿಯ ಮೇಲೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಎಂಬುದು ಇಲ್ಲಿ ಮಕ್ಕಳಿಗೂ ಬಾಯಿಪಾಠ. ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ತಿಳಿಯಲು ನೋಡುವ ಆ ಪಟ್ಟಿಯನ್ನು ಸಫಾರಿಯ ದಿನ ಗೊತ್ತುಮಾಡಲು ನೋಡಬೇಕೆಂಬ ಬುದ್ಧಿ ನನಗೆ ಬಂದದ್ದು ಎರಡನೆಯ ಸಲ ಲಕ್ಕವಳ್ಳಿಗೆ ಹೋಗಿ ಬಂದ ಮೇಲೆ. ಮೊದಲ ಸಲ ಅಕ್ಟೋಬರ್ ರಜೆಯಲ್ಲಿ ಹೋದಾಗ ಜಲಾಶಯ ತುಂಬಿ, ಕಾಡಿನ ಅಂಚಿನ ಮರಗಳ ಬುಡದವರೆಗೆ ನೀರು ನಿಂತಿತ್ತು. ನೋಟ ಸೊಗಸಾಗಿತ್ತು, ಆದರೆ ಪ್ರಾಣಿ, ಹಕ್ಕಿ ವಿರಳ. ಎರಡನೆಯ ಸಲ ಏಪ್ರಿಲ್ ತಿಂಗಳಲ್ಲಿ ಹೋದಾಗ ಅದೇ ಜಾಗವೆಂದು ನಂಬುವುದೇ ಕಷ್ಟವಾಯಿತು.

ಶಿವಮೊಗ್ಗದಿಂದ ಭದ್ರಾವತಿ, ಅಲ್ಲಿಂದ ಭದ್ರಾ ಅಣೆಕಟ್ಟೆಯ ಯೋಜನೆಯ ಊರಾದ ಬಿ.ಆರ್.ಪಿ. ದಾಟಿದರೆ ಲಕ್ಕವಳ್ಳಿ, ಸುಮಾರು ಒಂದು ಗಂಟೆಯ ದಾರಿ. ಊರು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದ್ದರೂ ನಡೆ, ನುಡಿ, ಸಂತೆಯ ಒಡನಾಟವೆಲ್ಲ ನಮ್ಮ ಕಡೆಯದೇ. ಇಲ್ಲಿ ಜೀಪಿನಲ್ಲಿ ಕಾಡಿನೊಳಗೆ ಹೋಗುವ ಸಫಾರಿ ಒಂದು, ದೋಣಿಯಲ್ಲಿ ಹಿನ್ನೀರಿನ ಮೇಲೆ ಸುತ್ತುವ ಸಫಾರಿ ಇನ್ನೊಂದು. ಬರುವವರಲ್ಲಿ ಹೆಚ್ಚಿನವರು ಜೀಪನ್ನೇ ಮುಖ್ಯವೆಂದು ತಿಳಿದು, ದೋಣಿಯನ್ನು ಮಕ್ಕಳ ಆಟವೆಂಬಂತೆ ಕಾಣುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ತಿರುಗುಮುರುಗು.

ಜೀಪಿನ ಬಗ್ಗೆ ಹೇಳುವುದಾದರೆ, ಭದ್ರಾ ಕಾಡು ಪ್ರಾಣಿಗಳನ್ನು ಸುಲಭವಾಗಿ ತೋರಿಸುವ ಕಾಡಲ್ಲ. ತೇಗ, ಮತ್ತಿ, ಹೊನ್ನೆ, ನಂದಿ ಮರಗಳ ನಡುವೆ ಬಿದಿರುಮೆಳೆ ಒತ್ತಾಗಿದೆ, ದಾರಿಯ ಇಕ್ಕೆಲಗಳಲ್ಲಿ ಲಂಟಾನ ಹಬ್ಬಿದೆ, ನೆಲ ಏರುತಗ್ಗಿನದು. ಹತ್ತು ಮಾರು ಆಚೆ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೂ ಅದು ಕಿವಿ ಅಲ್ಲಾಡಿಸದೆ ಹೋದರೆ ಗೊತ್ತಾಗುವುದಿಲ್ಲ. ನಮಗೆ ಕಂಡದ್ದು ಕಾಟಿಗಳ ಒಂದು ಹಿಂಡು, ಚುಕ್ಕೆ ಜಿಂಕೆಗಳು, ನವಿಲು ಮತ್ತು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಿದ್ದ ಒಂದು ಕೆಂದಳಿಲು. ಒಂದು ಕಡೆ ಮುಸಿಯ, ಅಂದರೆ ಕಪ್ಪು ಮುಖದ ಉದ್ದ ಬಾಲದ ಕೋತಿ, ಹುಲಿಯ ಸುಳಿವು ಸಿಕ್ಕಾಗ ಕೂಗುವಂತೆ ಕೂಗಿದ್ದನ್ನು ಕೇಳಿ ಚಾಲಕರು ಎಂಜಿನ್ ನಿಲ್ಲಿಸಿದರು. ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಹುಲಿ ಬರಲಿಲ್ಲ, ಧೂಳಿನಲ್ಲಿ ಅದರ ಹೆಜ್ಜೆ ಮಾತ್ರ ಇತ್ತು. ಆ ಹತ್ತು ನಿಮಿಷಕ್ಕೆ ಬೆಲೆಯಿದೆ ಎನ್ನುವವರಿಗೆ ಜೀಪು ಸರಿ. ಹುಲಿಯ ಚಿತ್ರ ಮೊಬೈಲಿನಲ್ಲಿ ಇರಲೇಬೇಕು ಎನ್ನುವವರು ಹಣ ಕೊಡುವ ಮುನ್ನ ಯೋಚಿಸುವುದು ಒಳ್ಳೆಯದು.

ಸಂದರ್ಭ ಬಂದುದರಿಂದ ಒಂದು ಮಾತು. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳ ಜನರನ್ನು ಆಮೇಲಿನ ಕೆಲವೇ ವರ್ಷಗಳಲ್ಲಿ ತರೀಕೆರೆ ಬಳಿಯ ಎಂ.ಸಿ. ಹಳ್ಳಿ ಮೊದಲಾದ ಕಡೆಗಳಿಗೆ ಸ್ಥಳಾಂತರಿಸಲಾಯಿತು. ಅವರು ಬಿಟ್ಟುಬಂದ ಗದ್ದೆಬಯಲುಗಳಲ್ಲಿ ಈಗ ಕಾಟಿ, ಜಿಂಕೆಗಳು ಮೇಯುತ್ತವೆ. ಕಾಡಿನ ನಡುವೆ ಇದ್ದಕ್ಕಿದ್ದಂತೆ ಬಯಲೊಂದು ತೆರೆದುಕೊಂಡರೆ, ಹಿಂದೆ ಅಲ್ಲಿ ಯಾರ ಮನೆ, ಯಾರ ಗದ್ದೆ ಇತ್ತೆಂದು ಜೊತೆಯಲ್ಲಿರುವವರನ್ನು ಕೇಳಿ ನೋಡಬಹುದು.

ಇನ್ನು ದೋಣಿ. ಬೇಸಿಗೆಯಲ್ಲಿ ನೀರು ಇಳಿದಂತೆ ಹಿನ್ನೀರಿನ ನಡುವೆ ಮುಳುಗಿದ್ದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೇಲೆದ್ದು ದ್ವೀಪಗಳಾಗುತ್ತವೆ. ಮರವಿಲ್ಲದ, ಬರೀ ಕಲ್ಲುಮಣ್ಣಿನ ಆ ದಿಬ್ಬಗಳೇ ರಿವರ್ ಟರ್ನ್ ಎಂಬ ಹಕ್ಕಿಗಳ ಬಾಣಂತಿಮನೆ. ಬೂದು ಮೈ, ಕಪ್ಪು ನೆತ್ತಿ, ಹಳದಿ ಕೊಕ್ಕು, ಕತ್ತರಿಯಂತೆ ಸೀಳಿದ ಬಾಲದ ಈ ಹಕ್ಕಿ ಕಡ್ಡಿ ಹೊಂದಿಸಿ ಗೂಡು ಕಟ್ಟುವುದಿಲ್ಲ. ನೆಲದ ಮೇಲೆ ಸಣ್ಣ ಗುಳಿ ಮಾಡಿ, ಬೆಣಚುಕಲ್ಲಿನದೇ ಬಣ್ಣದ ಮೊಟ್ಟೆಗಳನ್ನು ಇಡುತ್ತದೆ. ಸುತ್ತ ನೀರಿರುವುದರಿಂದ ನರಿ, ನಾಯಿಗಳ ಕಾಟವಿಲ್ಲ. ನೀರು ಮಿತಿಮೀರಿ ಇಳಿದು ದಿಬ್ಬ ದಡಕ್ಕೆ ಕೂಡಿಕೊಂಡರೆ ಆ ಕಾವಲು ಹೋಯಿತು. ಮಳೆ ಮುಂಚೆಯೇ ಬಂದು ನೀರು ಏರಿದರೆ ಮೊಟ್ಟೆಗಳೇ ಹೋದವು. ಒಂದು ಹಕ್ಕಿಯ ಸಂಸಾರ ಅಣೆಕಟ್ಟೆಯ ಅಳತೆಪಟ್ಟಿಗೆ ಇಷ್ಟು ಬಿಗಿಯಾಗಿ ಕಟ್ಟುಬಿದ್ದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ದೋಣಿ ದಿಬ್ಬದಿಂದ ತಕ್ಕಷ್ಟು ದೂರದಲ್ಲೇ ನಿಂತಿತು. ನೂರಾರು ಹಕ್ಕಿಗಳು ಒಟ್ಟಿಗೆ ಎದ್ದು ಕೂಗುತ್ತಾ ತಲೆಯ ಮೇಲೆ ಸುತ್ತುಹಾಕಿ ಮತ್ತೆ ತಮ್ಮ ತಮ್ಮ ಗುಳಿಗಳಿಗೆ ಇಳಿದವು. ಅಷ್ಟೊಂದು ಮೊಟ್ಟೆಗಳ ನಡುವೆ ತನ್ನದು ಯಾವುದೆಂದು ಒಂದಕ್ಕೂ ಅನುಮಾನ ಬಂದಂತೆ ಕಾಣಲಿಲ್ಲ. ಮುಂದೆ ನೀರಿನಲ್ಲಿ ನಿಂತ ಒಣಮರದ ಮೋಟುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕುಳಿತಿದ್ದವು. ಸಂಜೆ ಐದೂವರೆಯ ಹೊತ್ತಿಗೆ ನೀರು ಇಳಿದು ಹಸಿರು ಚಿಗುರಿದ್ದ ದಡಕ್ಕೆ ಮೂರು ಆನೆಗಳು, ಜೊತೆಗೊಂದು ಮರಿ ಇಳಿದು ಬಂದವು. ಜೀಪಿನಲ್ಲಿ ಎರಡು ಗಂಟೆ ಕುಲುಕಾಡಿ ಕಾಣದಿದ್ದುದನ್ನು ಇಲ್ಲಿ ಕುಳಿತಲ್ಲೇ, ಮರೆಯಿಲ್ಲದೆ, ಅರ್ಧ ಗಂಟೆ ನೋಡಿದೆವು.

ನನ್ನ ಜೊತೆಗಿದ್ದ ಚಿಕ್ಕಪ್ಪನಿಗೆ ಮಾತ್ರ ಈ ಸಂಭ್ರಮ ಪೂರ್ತಿ ಹಿಡಿಸಲಿಲ್ಲ. ಚನ್ನಗಿರಿ ಬಳಿ ಭದ್ರಾ ನಾಲೆಯನ್ನು ನಂಬಿದ ಅಡಿಕೆ ತೋಟ ಅವರದು. “ಅಲ್ಲ ಮಾರಾಯ, ನೀರು ಇಷ್ಟು ತಳ ಕಂಡಿದೆ, ನೀನು ನೋಡಿದರೆ ದಿಬ್ಬ ಎದ್ದಿದೆ ಅಂತ ಖುಷಿ ಪಡ್ತೀಯಲ್ಲ” ಎಂದರು. ಉತ್ತರ ಕೊಡಲು ನನಗೆ ತೋಚಲಿಲ್ಲ.

ದೂರು ಇಲ್ಲವೆಂದಲ್ಲ. ಮೊದಲ ಸಲ ನಗರದ ಮಧ್ಯವರ್ತಿಯೊಬ್ಬರ ಮೂಲಕ ಸೀಟು ಕಾದಿರಿಸಿದ್ದೆವು. “ಹುಲಿ ಗ್ಯಾರಂಟಿ” ಎಂದು ಹೇಳಿ ಅವರು ಹೆಚ್ಚು ಹಣ ಪಡೆದರು. ಹೊರಡುವ ದಿನ ದೋಣಿಯ ವ್ಯವಸ್ಥೆಯನ್ನೇ ಮಾಡಿರಲಿಲ್ಲ, ಅಲ್ಲಿಗೆ ಹೋದ ಮೇಲೆ ನಾವೇ ಕೇಳಿ ಹೊಂದಿಸಿಕೊಳ್ಳಬೇಕಾಯಿತು. ಹುಲಿಯ ಗ್ಯಾರಂಟಿ ಕೊಡಲು ತ್ಯಾವರೆಕೊಪ್ಪದಲ್ಲಿ ಮಾತ್ರ ಸಾಧ್ಯ. ಸಾಗರ ರಸ್ತೆಯ ಆ ಹುಲಿ, ಸಿಂಹಧಾಮದಲ್ಲಿ ಬೇಲಿಯೊಳಗೆ ಬಿಟ್ಟ ಪ್ರಾಣಿಗಳನ್ನು ಜಾಲರಿ ಹಾಕಿದ ವಾಹನದಲ್ಲಿ ಕುಳಿತು ನೋಡಬಹುದು. ಸಣ್ಣ ಮಕ್ಕಳಿರುವ ಮನೆಯವರಿಗೆ ಅದೇ ಅನುಕೂಲ. ಬೆಳಗ್ಗೆ ಸಕ್ರೆಬೈಲಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನೂ ಸೇರಿಸಿಕೊಂಡರೆ ಅವರ ಒಂದು ದಿನ ಚೆನ್ನಾಗಿ ಕಳೆಯುತ್ತದೆ. ಆದರೆ ಅದನ್ನು ಭದ್ರಾ ಕಾಡಿನೊಂದಿಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು.

ದೋಣಿಗೆ ಹೋಗುವವರು ಫೆಬ್ರವರಿಯಿಂದ ಮೇ ತಿಂಗಳ ನಡುವೆ, ಸಂಜೆಯ ಸರದಿಯನ್ನೇ ಕೇಳಿ. ಟೋಪಿ ಬೇಕು, ನೀರಿನ ಮೇಲಿನ ಬಿಸಿಲು ಮುಖ ಸುಡುತ್ತದೆ. ದುರ್ಬೀನು ಇಲ್ಲದೆ ಹೋದರೆ ಹಕ್ಕಿಗಳು ಬಿಳಿ ಚುಕ್ಕಿಗಳಾಗಿ ಮಾತ್ರ ಕಾಣುತ್ತವೆ. ಬಿಳಿ, ಕೆಂಪು ಅಂಗಿ ಬೇಡ. ಮೊಬೈಲಿನಲ್ಲಿ ಹಾಡು ಹಾಕುವವರ ಗುಂಪು ನಿಮ್ಮ ದೋಣಿಗೇ ಬಂದು ಕುಳಿತರೆ ಹೊರಡುವ ಮೊದಲೇ ಸಿಬ್ಬಂದಿಗೆ ಹೇಳಿ. ನಾವು ಸಂಕೋಚಪಟ್ಟು ಸುಮ್ಮನಿದ್ದುದರಿಂದ ಮೊದಲ ದಿಬ್ಬದ ಬಳಿ ಕೇಳಿಸಿದ್ದು ಹಕ್ಕಿಗಳ ಕೂಗಲ್ಲ. ಆನೆಗಳು ನೀರಿಗಿಳಿದಾಗ ಆ ಗುಂಪು ತಾನಾಗಿಯೇ ಹಾಡು ನಿಲ್ಲಿಸಿತು. ದಡಕ್ಕೆ ಮರಳಿದ ಮೇಲೆ ಚಿಕ್ಕಪ್ಪ ದೋಣಿ ನಡೆಸುವವರನ್ನು ಕೇಳಿದ ಪ್ರಶ್ನೆ ಒಂದೇ: “ಇವತ್ತು ಮಟ್ಟ ಎಷ್ಟಿದೆ?”