ಶಾಸಕ ಅಂಬೇಡ್ಕರ್ ಬೇಕಾದರೆ ಎರಡನೇ ಸಂಪುಟ ಕೊಳ್ಳಿ

ಅಂಬೇಡ್ಕರ್ ತೀರಿಕೊಂಡ ದಿನವಾದ ಡಿಸೆಂಬರ್ 6ರಂದು ಮುಂಬೈಯ ದಾದರಿನ ಶಿವಾಜಿ ಪಾರ್ಕಿನಲ್ಲಿ ಪುಸ್ತಕದಂಗಡಿಗಳ ಸಾಲೇ ಇರುತ್ತದೆ. ಅಲ್ಲಿ ಕೊಂಡದ್ದು ಇದು: ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಅಂಬೇಡ್ಕರ್ ಬರಹ-ಭಾಷಣಗಳ ಎರಡನೇ ಸಂಪುಟ. ಇಂಗ್ಲಿಷಿನಲ್ಲಿದೆ. ಸಂಪಾದಕರು ವಸಂತ ಮೂನ್, ಮೊದಲ ಮುದ್ರಣ 1982ರದ್ದು. ನಾನು ಲೇಬರ್ ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು. ಸಂವಿಧಾನದ ಅಂಬೇಡ್ಕರ್ ಎಲ್ಲರಿಗೂ ಗೊತ್ತು. ಬಾಂಬೆ ಶಾಸನಸಭೆಯಲ್ಲಿ ಮಸೂದೆಯ ಒಂದೊಂದು ಕಲಂ ಹಿಡಿದು ವಾದಿಸಿದ ವಕೀಲ ಇಲ್ಲಿ ಸಿಗುತ್ತಾರೆ.

1923ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ವಕೀಲಿಕೆ ಶುರು, ಪರೇಲಿನ ದಾಮೋದರ ಹಾಲಿನಲ್ಲಿ ಆಫೀಸು. 1927ರಿಂದ ಬಾಂಬೆ ಶಾಸನ ಪರಿಷತ್ತಿನಲ್ಲಿ ಸರ್ಕಾರ ನೇಮಿಸಿದ ಸದಸ್ಯ. 1937ರಲ್ಲಿ ಚುನಾವಣೆ ಗೆದ್ದು ವಿಧಾನಸಭೆಗೆ. ಈ ವಿವರ ಎಲ್ಲಿ ಬೇಕಾದರೂ ಸಿಗುತ್ತದೆ, ಬಿಡಿ.

ಮಾತು ಓದಿ. 1927ರ ಬಜೆಟ್ ಚರ್ಚೆಯಲ್ಲೇ ನೇರ ಪ್ರಶ್ನೆ: ಒಂದು ಮಿತಿಗಿಂತ ಕಡಿಮೆ ಆದಾಯಕ್ಕೆ ತೆರಿಗೆ ಇಲ್ಲ, ತುಂಡು ಹೊಲದವನ ಕಂದಾಯಕ್ಕೆ ಆ ವಿನಾಯಿತಿ ಯಾಕಿಲ್ಲ? 1928ರಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂತು. ಈ ಖರ್ಚನ್ನು ಬಹುಪಾಲು ಸರ್ಕಾರವೇ ಹೊರಬೇಕು ಅಂತ ಅವರೇ ಒಪ್ಪುತ್ತಾರೆ. ಆದರೆ ಹೆಂಗಸರ ದುಡಿಮೆಯಿಂದ ಲಾಭ ಮಾಡುವ ಮಾಲೀಕನನ್ನು ಸುಮ್ನೆ ಬಿಡಲಾಗದು ಅಂತ ಅಲ್ಲೇ ಗಂಟು ಹಾಕುತ್ತಾರೆ. ಎದುರು ಪಕ್ಷದ ವಾದವನ್ನು ಅರ್ಧ ಒಪ್ಪಿಕೊಂಡೇ ಕೇಸು ಗೆಲ್ಲುವ ಚಾಲಾಕಿತನ ಇದು! ಮರುವರ್ಷ ಅದು ಕಾನೂನಾಯಿತು.

1938ರ ಕೈಗಾರಿಕಾ ವಿವಾದ ಮಸೂದೆಯ ಮೇಲಿನ ಭಾಷಣವನ್ನು ನಮ್ಮ ಜೂನಿಯರುಗಳಿಗೆ ಕಡ್ಡಾಯ ಓದಿಸಬೇಕು. ಕೆಲಸ ಬಿಡುವುದು ಹೆಚ್ಚೆಂದರೆ ಕರಾರು ಮುರಿದಂತೆ. ಕರಾರು ಮುರಿದವನನ್ನು ಕಾನೂನು ಜೈಲಿಗೆ ಹಾಕುವುದಿಲ್ಲ. ಮುಷ್ಕರವನ್ನು ಅಪರಾಧ ಮಾಡಿದರೆ ಕೂಲಿಕಾರನನ್ನು ಗುಲಾಮನನ್ನಾಗಿ ಮಾಡಿದಂತೆ. ಅವರ ವಾದ ಇಷ್ಟೇ, ಆದರೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ರೀತಿ ನೋಡಬೇಕು. ಮಸೂದೆಯ ವಿರುದ್ಧ ನವೆಂಬರ್ 7ರಂದು ಒಂದು ದಿನದ ಮುಷ್ಕರವನ್ನೂ ನಡೆಸಿದರು.

ಮುಂಬೈ ಕನ್ನಡಿಗರು ಹುಡುಕಿ ಓದಬೇಕಾದದ್ದು 1938ರ ಏಪ್ರಿಲ್ 4ರ ಭಾಷಣ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲವೂ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಕರ್ನಾಟಕ ಬೇರೆ ಪ್ರಾಂತ್ಯವಾಗಬೇಕೇ ಅಂತ ಚರ್ಚೆ. ಅಂಬೇಡ್ಕರ್ ಬೇಡ ಅಂದರು. ಎಲ್ಲರೂ ಮೊದಲೂ ಕೊನೆಗೂ ಭಾರತೀಯರೇ ಆಗಬೇಕು, ಭಾಷೆಯ ಗಡಿ ಅದಕ್ಕೆ ಅಡ್ಡ ಅನ್ನುವುದು ಅವರ ನಿಲುವು. ಧಾರವಾಡ ಕಡೆಯವಳಾದ ನನಗೆ ಇದು ಗಂಟಲಲ್ಲಿ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಇದೇ ಅಂಬೇಡ್ಕರ್ 1948ರಲ್ಲಿ ಮಹಾರಾಷ್ಟ್ರ ಪ್ರಾಂತ್ಯ ಬೇಕು ಅಂತ ಭಾಷಾವಾರು ಪ್ರಾಂತ್ಯಗಳ ಆಯೋಗಕ್ಕೆ ಮನವಿ ಬರೆದರು, ಆಡಳಿತ ಭಾಷೆ ಮಾತ್ರ ಕೇಂದ್ರದ್ದೇ ಇರಲಿ ಎಂಬ ಷರತ್ತಿನೊಂದಿಗೆ. ಅದು ಮೊದಲ ಸಂಪುಟದಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಮಜಾ.

ನನ್ನ ದೊಡ್ಡ ತಕರಾರು ಇಲ್ಲೇ. ಪುಸ್ತಕದಲ್ಲಿ ಅವರ ಮಾತಷ್ಟೇ ಇದೆ, ನಡುವೆ ಬಾಯಿ ಹಾಕಿದವರ ಒಂದೆರಡು ಸಾಲು ಬಿಟ್ಟರೆ. ನಮ್ಮ ಕಡೆಯ ಸದಸ್ಯರು ಅವತ್ತು ಏನು ಹೇಳಿದರು? ಅದಕ್ಕೆ ಸಭೆಯ ನಡಾವಳಿಯನ್ನೇ ತೆಗೆಯಬೇಕು. ಒಂದೇ ಕಡೆಯ ವಕೀಲನ ವಾದ ಕೇಳಿ ತೀರ್ಪು ಕೊಡಿ ಅಂದಂತಾಯಿತು, ಅಲ್ವಾ?

ಉಳಿದ ಭಾಗ ಸೈಮನ್ ಕಮಿಷನ್ ಮತ್ತು ದುಂಡುಮೇಜಿನ ಪರಿಷತ್ತಿನದ್ದು. ಮುಖ್ಯವಾದದ್ದೇ, ಆದರೆ ನಿಧಾನವಾಗಿ ಸಾಗುತ್ತದೆ. ಪುಸ್ತಕದ ತೂಕ ಜಾಸ್ತಿ, ಲೋಕಲ್ ರೈಲಿನಲ್ಲಿ ನಿಂತು ಓದುವುದು ಆಗದ ಮಾತು. ನನ್ನ ಪ್ರತಿಯ ಹೊಲಿಗೆ ಆಗಲೇ ಸಡಿಲವಾಗಿದೆ, ಕೊಳ್ಳುವ ಮುಂಚೆ ಬೆನ್ನು ಬಗ್ಗಿಸಿ ನೋಡಿ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಇದೆ. ಕರ್ನಾಟಕ ಸರ್ಕಾರ ಈ ಸಂಪುಟಗಳನ್ನು ಕನ್ನಡಕ್ಕೂ ತಂದಿದೆ. ಇಲ್ಲಿ ನನಗೆ ಸಿಗಲಿಲ್ಲ. ಊರ ಕಡೆಯಿಂದ ಬರುವವರಿಗೆ ಹೇಳಿಟ್ಟಿದ್ದೇನೆ.