ಕೊಪ್ಪಳದ ಸ್ಟ್ರೆಚಿಂಗ್ ತರಗತಿ: ಸೇರಿಸುವುದಾದರೆ ಬೆಳಗಿನ ತಂಡಕ್ಕೇ ಸೇರಿಸಿ

ನಾನು ದೈಹಿಕ ಶಿಕ್ಷಕಿ. ನಮ್ಮ ಪ್ರೌಢಶಾಲೆಯ ವಾಲಿಬಾಲ್ ಹುಡುಗಿಯರನ್ನು ಬೇಸಿಗೆ ರಜೆಯಲ್ಲಿ ಹೊಸಪೇಟೆ ರಸ್ತೆಯ ಈ ತಾಲೀಮು ಕೇಂದ್ರಕ್ಕೆ ಕರೆತರುತ್ತಿದ್ದೆ. ಮೈ ಬಳುಕಿದರೆ ಆಟ ತಾನಾಗಿ ಬರುತ್ತದೆ ಎನ್ನುವವರು ಬಹಳ ಜನ ಇದ್ದಾರೆ. ಆ ಬಳುಕು ಜಿಗಿತದಲ್ಲಿ ಹೇಗೆ ಬಲವಾಗುತ್ತದೆ ಎಂದು ಮಾಡಿ ತೋರಿಸಿದವರನ್ನು ನಾನು ಕಂಡಿದ್ದು ಇಲ್ಲೇ.

ಬಂದ ದಿನ ಯಾರನ್ನೂ ಬಗ್ಗಿಸಲಿಲ್ಲ. ಗೋಡೆಗೆ ಎದುರಾಗಿ ನಿಲ್ಲಿಸಿ, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿದರು. ಕಣಕಾಲು ಎಷ್ಟು ಮಡಚುತ್ತದೆ ಎಂದು ತಿಳಿಯಲು ಕಾಲಿನ ಹೆಬ್ಬೆರಳಿಗೂ ಗೋಡೆಗೂ ಇರುವ ದೂರವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಂಡರು. ನಮ್ಮ ಮುಖ್ಯ ಅಟ್ಯಾಕರ್ ಹುಡುಗಿಯ ಎಡ ಕಣಕಾಲು ಬಲದ್ದಕ್ಕಿಂತ ಬಿಗಿಯಾಗಿತ್ತು. ಆಮೇಲೆ ಬೆರಳಿಗೆ ಚಾಕ್ ಪುಡಿ ಹಚ್ಚಿಸಿ, ನಿಂತಲ್ಲಿಂದಲೇ ಜಿಗಿಸಿ ಗೋಡೆಯ ಮೇಲೆ ಗುರುತು ಹಾಕಿಸಿದರು.

ಕಣಕಾಲು ಮಡಚದಿದ್ದರೆ ಜಿಗಿಯಲು ಕುಗ್ಗುವಾಗ ಹಿಮ್ಮಡಿ ಎದ್ದುಬಿಡುತ್ತದೆ, ಸೊಂಟ ಸಾಕಷ್ಟು ಇಳಿಯುವುದಿಲ್ಲ. ನೆಲವನ್ನು ಒತ್ತಿ ಮೇಲೇಳಲು ಸಿಗುವ ದೂರವೇ ಕಡಿಮೆಯಾಗುತ್ತದೆ. ಸರಿಯಾಗಿ ಕುಗ್ಗಿದರೆ ತೊಡೆ, ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಎಲ್ಲವೂ ಎಳೆದ ಕವಣೆಯ ರಬ್ಬರಿನಂತೆ ಹಿಗ್ಗಿ ಶಕ್ತಿ ಹಿಡಿದುಕೊಳ್ಳುತ್ತವೆ, ತಕ್ಷಣ ಎದ್ದರೆ ಅದನ್ನು ಮರಳಿ ಕೊಡುತ್ತವೆ. ಕುಗ್ಗಿ ತಡಮಾಡಿದರೆ ಆ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಹಾಗಾಗಿ ಇಲ್ಲಿ ಎಳೆತದ, ಅಂದರೆ ಸ್ಟ್ರೆಚಿಂಗ್‌ನ, ಬೆನ್ನಿಗೇ ಪೂರ್ತಿ ಆಳದ ಬೈಠಕ್, ಹಗುರ ಡಂಬೆಲ್ ಹಿಡಿದು ಬಗ್ಗುವುದು, ಚಿಕ್ಕ ಚಿಕ್ಕ ಜಿಗಿತ ಇವೆಲ್ಲ ಬರುತ್ತವೆ. ಹೊಸದಾಗಿ ಸಿಕ್ಕ ಸಡಿಲಿಕೆಯಲ್ಲಿ ಬಲವನ್ನೂ ತುಂಬಬೇಕಲ್ಲ! ಮೊದಲೇ ಕೀಲು ಸಡಿಲವಿದ್ದ ಒಬ್ಬ ಹುಡುಗಿಗೆ ಎಳೆತ ಕೊಡದೆ ಬೈಠಕ್, ಜಿಗಿತವಷ್ಟೇ ಮಾಡಿಸಿದರು. ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ.

ನನಗೆ ತುಂಬಾ ಹಿಡಿಸಿದ್ದು ಇವರ ಕ್ರಮ. "ಮೊದ್ಲ ಮೈ ಬಿಸಿ ಆಗ್ಲಿ, ಆಮ್ಯಾಲ ಎಳಿಯೂಣು" ಎನ್ನುತ್ತಾರೆ ತರಬೇತುದಾರರು. ಆಟಕ್ಕೆ ಮುಂಚೆ ಕಾಲು ಬೀಸುವುದು, ದೊಡ್ಡ ಹೆಜ್ಜೆಯಿಟ್ಟು ಕುಗ್ಗುತ್ತಾ ನಡೆಯುವುದು, ತೋಳು ತಿರುಗಿಸುವುದು. ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲುವ ಎಳೆತವೆಲ್ಲ ಕೊನೆಗೆ. ನಮ್ಮ ಎಷ್ಟೋ ಮೈದಾನಗಳಲ್ಲಿ ಇದು ತಿರುಗಾಮುರುಗಾ ನಡೆಯುತ್ತದೆ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದರ ಪ್ರಕಾರ, ಒಂದು ಸ್ನಾಯುವನ್ನು 60 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಎಳೆದು ಹಿಡಿದು ಕೂಡಲೇ ಪರೀಕ್ಷಿಸಿದರೆ ಸಾಮರ್ಥ್ಯ ಸರಾಸರಿ 4.6 ಶೇಕಡಾ ಕುಸಿಯುತ್ತದೆ. ಅದಕ್ಕಿಂತ ಕಡಿಮೆ ಹೊತ್ತಾದರೆ ಕುಸಿತ 1.1 ಶೇಕಡಾ ಮಾತ್ರ. ಚಲಿಸುತ್ತಾ ಮಾಡುವ ಎಳೆತದಿಂದ 1.3 ಶೇಕಡಾ ಏರುತ್ತದೆ. ನೆಟ್ ಮುಂದೆ ಬೆರಳ ತುದಿಗೆ ಸಿಕ್ಕ ಚೆಂಡಿಗೂ ತಪ್ಪಿದ ಚೆಂಡಿಗೂ ಇರುವ ಅಂತರ ಇಂಥ ಸಣ್ಣ ಲೆಕ್ಕದ್ದೇ.

ರಜೆ ಮುಗಿಯುವ ಹೊತ್ತಿಗೆ ಆ ಅಟ್ಯಾಕರ್ ಹುಡುಗಿಯ ಚಾಕ್ ಗುರುತು ಎರಡು ಬೆರಳಗಲ ಮೇಲೆ ಹೋಗಿತ್ತು. "ಮೇಡಂರೀ, ಈಗ ಹಿಮ್ಮಡಿ ಮ್ಯಾಲ ಏಳಂಗಿಲ್ಲ ನೋಡ್ರಿ" ಎಂದು ಕುಕ್ಕರಗಾಲಲ್ಲಿ ಕೂತು ತೋರಿಸಿದಳು. ಇದು ಬರೀ ಎಳೆತದ ಫಲ ಎಂದು ನಾನು ಹೇಳುವುದಿಲ್ಲ. ಬೈಠಕ್, ಜಿಗಿತದ ಪಾಲು ದೊಡ್ಡದು. ಆದರೆ ಕಣಕಾಲು ಬಿಡದಿದ್ದರೆ ಆ ಬೈಠಕ್ ಅರ್ಧಕ್ಕೇ ನಿಲ್ಲುತ್ತಿತ್ತು.

ಸಂಜೆಯ ತಂಡದ ಮಾತು ಬೇರೆ. ಜನ ಕಿಕ್ಕಿರಿದಿರುತ್ತಾರೆ, ತಗಡಿನ ಮಾಡಿನ ಕಾವು ಆರಿರುವುದಿಲ್ಲ, ಹಾಡಿನ ಸದ್ದಿಗೆ ಹೇಳಿದ ಮಾತು ಕೇಳಿಸುವುದಿಲ್ಲ. ಅಲ್ಲಿನ ಸಹಾಯಕನೊಬ್ಬ ಮುಂದೆ ಬಾಗಿ ಕೂತ ನಮ್ಮ ಹುಡುಗಿಯ ಬೆನ್ನನ್ನು ಕೈಯಿಂದ ಒತ್ತಿಬಿಟ್ಟ. ಬೆಳೆಯುವ ಮಕ್ಕಳಿಗೆ ಹಾಗೆ ಮಾಡಲೇಬಾರದು. ಎಳೆತ ಗೊತ್ತಾಗಬೇಕು, ನೋವಾಗಬಾರದು. ನಾನು ಹೇಳಿದ ಮೇಲೆ ಮುಖ್ಯ ತರಬೇತುದಾರರು ಅದನ್ನು ಅಲ್ಲೇ ನಿಲ್ಲಿಸಿದರು. ಆದರೂ ಆ ಹೊತ್ತಿಗೆ ಅವರು ಎಲ್ಲರ ಹತ್ತಿರವೂ ಇರಲು ಆಗುವುದಿಲ್ಲ. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆಯೂ ಇಲ್ಲ. ಇದನ್ನು ಬೇಗ ಮಾಡಿಕೊಡಬೇಕು.

ತಿಂಗಳಿಗೆ 800 ರೂಪಾಯಿ, ಶಾಲಾ ಮಕ್ಕಳಿಗೆ 500. ನಮ್ಮ ಖೋ-ಖೋ ತಂಡವನ್ನೂ ಇಲ್ಲಿಗೇ ಕಳಿಸಬೇಕೆಂದಿದ್ದೇನೆ, ಬೆಳಗಿನ ಆರು ಗಂಟೆಯ ತರಗತಿಗೆ.