ಗುಳಿಗೆ ಕಾರ್ಬನ್: ಬ್ಲೂ ಟ್ಯಾಂಗ್ ಮೀನಿನ ಚರ್ಮ ಸವೆತ ಮತ್ತು ಕೆಲವು ವರ್ಷಗಳ ಬಳಕೆ

ಬ್ಲೂ ಟ್ಯಾಂಗ್ ಎಂಬ ನೀಲಿ ಸಮುದ್ರ ಮೀನನ್ನು ಅಕ್ವೇರಿಯಂ ತೊಟ್ಟಿಯಲ್ಲಿ ಸಾಕುವವರಿಗೆ ತಲೆ ಮತ್ತು ಪಾರ್ಶ್ವರೇಖೆಯ ಸವೆತ ಪರಿಚಿತ ಕಾಟ. ಕಣ್ಣಿನ ಸುತ್ತ ಸೂಜಿಮೊನೆಯಷ್ಟು ಗುಂಡಿಗಳು ಮೂಡುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು ಬಿಳಿಚಿದ ತೇಪೆಯಾಗುತ್ತವೆ. ಕ್ರಮೇಣ ಮೈಯ ಪಕ್ಕದ ಗೆರೆಯುದ್ದಕ್ಕೂ ಬಣ್ಣ ಅಳಿಯುತ್ತದೆ. ತೊಟ್ಟಿ ಮುಚ್ಚುತ್ತಿದ್ದ ಒಬ್ಬರಿಂದ ನಾನು ತಂದ ಮೀನಿಗೆ ಇದು ಆಗಲೇ ಚೆನ್ನಾಗಿ ಹರಡಿತ್ತು. ಅವರ ಫಿಲ್ಟರ್‌ನಲ್ಲಿ ನೀರಿನ ಕಲ್ಮಶ ಹೀರಲು ಇದ್ದದ್ದು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನಿಂದ ಮಾಡಿದ, ಮುಟ್ಟಿದರೆ ಬೆರಳು ಕಪ್ಪಾಗುವ ಹರಳು ಕಾರ್ಬನ್. ನಮ್ಮ ಮನೆಯ ತೊಟ್ಟಿಗೆ ನಾನು ಆರಿಸಿಕೊಂಡದ್ದು ಒತ್ತಿ ಕಡ್ಡಿಯಾಗಿ ಎಳೆದು ತುಂಡರಿಸಿದ, ಆಮ್ಲದಲ್ಲಿ ತೊಳೆದ ಗಟ್ಟಿ ಗುಳಿಗೆ ಕಾರ್ಬನ್.

ಆಯ್ಕೆಗೆ ಕಾರಣವಿದೆ. ಅಮೆರಿಕದ ಟೊಲಿಡೊ ಮೃಗಾಲಯದ ಜೇ ಹೆಮ್ಡಾಲ್ ಮತ್ತು ಅವರ ಸಹಲೇಖಕರು ಬ್ಲೂ ಟ್ಯಾಂಗ್ ಕುಟುಂಬಕ್ಕೇ ಸೇರಿದ ಓಷನ್ ಸರ್ಜನ್ ಮೀನುಗಳನ್ನು ಬೇರೆ ಬೇರೆ ವ್ಯವಸ್ಥೆಗಳಲ್ಲಿಟ್ಟು ನೋಡಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಲಿಗ್ನೈಟ್ ಕಾರ್ಬನ್ ಇದ್ದ ಕಡೆ ಸವೆತ ತೀವ್ರವಾಗಿತ್ತು, ಗುಳಿಗೆ ಕಾರ್ಬನ್ ಇದ್ದ ಕಡೆ ಸೌಮ್ಯವಾಗಿತ್ತು, ಕಾರ್ಬನ್ನೇ ಇಲ್ಲದ ಕಡೆ ಕಾಣಿಸಿಕೊಳ್ಳಲಿಲ್ಲ. ಗುಳಿಗೆಯೂ ಪೂರ್ತಿ ನಿರ್ದೋಷಿಯಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಹವಳ ಇಲ್ಲದೆ ಮೀನು ಮಾತ್ರ ಸಾಕುವವರಾದರೆ ಕಾರ್ಬನ್ನನ್ನು ಪೂರ್ತಿ ಬಿಡುವುದೇ ಲೇಸು. ನನ್ನ ತೊಟ್ಟಿಯಲ್ಲಿ ಮೆದು ಹವಳಗಳಿವೆ, ಅವು ನೀರಿಗೆ ಬಿಡುವ ವಿಷಕಾರಿ ಅಂಶಗಳನ್ನು ಹೀರಲು ಏನಾದರೂ ಬೇಕೇಬೇಕು.

ಬಳಕೆಯಲ್ಲಿ ಗುಳಿಗೆ ಕಾರ್ಬನ್‌ನ ಗುಣ ಅದರ ಗಟ್ಟಿತನದಲ್ಲೇ ಇದೆ. ಆರ್‌ಓ ಯಂತ್ರದಲ್ಲಿ ಶುದ್ಧೀಕರಿಸಿದ ನೀರಿನಲ್ಲಿ ನಾಲ್ಕೈದು ಬಾರಿ ಜಾಲಾಡಿಸಿದರೆ ನೀರು ತಿಳಿಯಾಗುತ್ತದೆ. ಲಿಗ್ನೈಟ್ ಹರಳನ್ನು ಎಷ್ಟು ತೊಳೆದರೂ ಮಸಿ ಬರುತ್ತಲೇ ಇರುತ್ತದೆ. ಗುಳಿಗೆ ಕಾರ್ಬನ್ನನ್ನು ರಿಯಾಕ್ಟರ್‌ನಲ್ಲಿ, ಅಂದರೆ ನೀರನ್ನು ರಭಸವಾಗಿ ಹಾಯಿಸುವ ಕೊಳವೆಯಲ್ಲಿ, ಹಾಕಿ ಕುಣಿಸಬೇಡಿ. ಗುಳಿಗೆಗಳು ಒಂದಕ್ಕೊಂದು ಉಜ್ಜಿ ಪುಡಿಯಾದರೆ ಇಷ್ಟು ಹಣ ಕೊಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ನಾನು ಸಣ್ಣ ಕಣ್ಣಿನ ಬಲೆಚೀಲದಲ್ಲಿ ಕಟ್ಟಿ ಸಂಪ್‌ನಲ್ಲಿ, ಅಂದರೆ ಫಿಲ್ಟರ್ ಸಾಮಗ್ರಿ ಇಡುವ ಪಕ್ಕದ ತೊಟ್ಟಿಯಲ್ಲಿ, ನೀರು ನಿಧಾನವಾಗಿ ಹರಿಯುವ ಜಾಗದಲ್ಲಿ ಇಡುತ್ತೇನೆ. ಅದರ ಮುಂದೆ ದಪ್ಪ ಸ್ಪಂಜು, ಆಮೇಲೆ ಗುಳ್ಳೆಗಳಿಂದ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣಕ್ಕಿಂತ ಕಡಿಮೆಯೇ ಸಾಕಾಗುತ್ತದೆ. ಪ್ರತಿ ಹೊಸ ಪೊಟ್ಟಣದಿಂದ ಒಂದಿಷ್ಟನ್ನು ಆರ್‌ಓ ನೀರಿನಲ್ಲಿ ನೆನೆಹಾಕಿ ಫಾಸ್ಫೇಟ್ ಪರೀಕ್ಷೆ ಮಾಡುತ್ತೇನೆ. ಆಮ್ಲದಲ್ಲಿ ತೊಳೆಯದ ಅಗ್ಗದ ಮಾಲಿನಲ್ಲಿ ಬೂದಿಯ ಜೊತೆ ಫಾಸ್ಫೇಟ್ ಸೇರಿಕೊಂಡಿರಬಹುದು.

ಮೀನಿನ ಮೈಯಲ್ಲಿ ಬದಲಾವಣೆ ಬಹಳ ನಿಧಾನ. ಮೊದಲು ಗುಂಡಿಗಳ ಅಂಚು ನಯವಾಯಿತು, ತಿಂಗಳುಗಳು ಉರುಳಿದ ಮೇಲೆ ಮೂತಿಯ ಬಳಿ ನೀಲಿ ಮರಳಿತು. ಕಣ್ಣಿನ ಮೇಲಿನ ಆಳವಾದ ಗುಂಡಿಗಳ ಕಲೆ ಇಂದಿಗೂ ಉಳಿದಿದೆ, ಬಹುಶಃ ಉಳಿದೇ ಇರುತ್ತದೆ. ಕೀರ್ತಿಯೆಲ್ಲ ಕಾರ್ಬನ್‌ಗೇ ಸಲ್ಲಬೇಕೆಂದು ನಾನು ಹೇಳಲಾರೆ. ಅದೇ ಅವಧಿಯಲ್ಲಿ ಮೀನಿಗೆ ದಿನವೂ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ, ಸಿ ಜೀವಸತ್ವ ಮತ್ತು ಒಮೆಗಾ-3 ಇರುವ ಸೆಲ್ಕಾನ್ ಎಂಬ ಪೂರಕ ದ್ರವದಲ್ಲಿ ನೆನೆಸಿದ ಮೈಸಿಸ್ ಸೀಗಡಿ ಕೊಟ್ಟಿದ್ದೇನೆ. ಈಜಲು ಉದ್ದನೆಯ ತೊಟ್ಟಿಯೂ ಸಿಕ್ಕಿತು. ಆದರೆ ಹಳೆಯ ಮಾಲೀಕರೂ ನೋರಿ ಕೊಡುತ್ತಿದ್ದವರೇ. ಹಾಗಾಗಿ ಆ ಕಪ್ಪು ಪುಡಿಯ ಮೇಲೆ ನನ್ನ ಅನುಮಾನ ಗಟ್ಟಿಯಾಗಿಯೇ ಇದೆ.

ಈ ಸವೆತ ಕಂಡ ಕೂಡಲೇ ತಾಮ್ರದ ಔಷಧ ಅಥವಾ ಮೆಟ್ರೊನಿಡಜೋಲ್ ಎಂಬ ಪ್ರತಿಜೈವಿಕ ಹಾಕಿ ಎಂದು ಅಂಗಡಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಹಿನೀರಿನ ಸಿಕ್ಲಿಡ್ ಮೀನುಗಳ ತಲೆತೂತಿನ ಕಾಯಿಲೆಗೆ ಹೇಳುವ ಮದ್ದನ್ನು ಸಮುದ್ರದ ಮೀನಿಗೆ ಕುರುಡಾಗಿ ಹಾಕಿದರೆ, ಆಗಲೇ ನವೆದ ಮೀನಿಗೆ ಇನ್ನಷ್ಟು ಹಿಂಸೆ. ಗಾಯ ಕೆಂಪಾಗಿದ್ದರೆ, ಲೋಳೆ ಸುರಿಯುತ್ತಿದ್ದರೆ, ಮೀನು ಆಹಾರ ಬಿಟ್ಟಿದ್ದರೆ ಅದು ಬೇರೆಯೇ ಸೋಂಕು ಇರಬಹುದು, ಜಲಚರಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಮಧುಮೇಹಿಗಳ ಕಾಲಿನ ಹುಣ್ಣಿಗೆ ಬಳಸುವ ಬೆಕಾಪ್ಲರ್ಮಿನ್ ಜೆಲ್ ಅನ್ನು ಇಂಥ ಮೀನುಗಳಿಗೆ ಹಚ್ಚಿದ್ದೂ ಉಂಟು. ಅದು ದುಬಾರಿ, ವೈದ್ಯರ ಸಲಹೆಯಿಲ್ಲದೆ ಮನೆಯಲ್ಲಿ ಮುಟ್ಟುವಂಥದ್ದಲ್ಲ.

ಬೆಲೆ ಲಿಗ್ನೈಟ್ ಕಾರ್ಬನ್‌ಗಿಂತ ಸಾಕಷ್ಟು ಹೆಚ್ಚು, ಅದೊಂದೇ ನನ್ನ ತಕರಾರು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೊಳ್ಳುವಾಗ ‘ಆಮ್ಲದಲ್ಲಿ ತೊಳೆದದ್ದು’ ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ಪೊಟ್ಟಣ ಅಲುಗಿಸಿದಾಗ ತಳದಲ್ಲಿ ಪುಡಿ ಕೂಡುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.